ಮೈಕ್ ಸೆಟ್: ಎಷ್ಟು ಬೇಕು, ಎಲ್ಲಿಡಬೇಕು?

ಶಾಲಾ ವಾರ್ಷಿಕೋತ್ಸವ ಹತ್ತಿರ ಬಂತು. "ನಾಲ್ಕು ಹಾರ್ನ್ ಕಟ್ಟಿಸ್ರಿ, ಪಕ್ಕದೂರಿಗೂ ಕೇಳ್ಬೇಕು" ಅಂತ ಕೆಲವರು ಹೇಳುತ್ತಿದ್ದಾರೆ. ಪಕ್ಕದೂರಿಗೆ ಕೇಳಿ ಏನಾಗಬೇಕು? ಕೊನೇ ಸಾಲಿನಲ್ಲಿ ಕೂತ ಅಜ್ಜಿಗೆ ಮೊಮ್ಮಗಳ ಭಾಷಣ ಅರ್ಥವಾಗಬೇಕು. ನಮ್ಮ ಸೋದರಮಾವ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಾರೆ. ರಜೆಯಲ್ಲಿ ಅವರ ಜೊತೆ ವೈರು ಎಳೆಯಲು ಹೋಗಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹಾರ್ನ್ ಮಾತನ್ನು ದೂರಕ್ಕೆ ಎಸೆಯುತ್ತದೆ, ಆದರೆ ದಪ್ಪ ಸ್ವರ ಅದರಲ್ಲಿ ಸರಿಯಾಗಿ ಬರುವುದಿಲ್ಲ. ಜಾತ್ರೆಗೆ, ಮೆರವಣಿಗೆಗೆ ಅದೇ ಸರಿ. ನಮ್ಮ ಶಾಲೆಯ ಅಂಗಳಕ್ಕೆ ವೇದಿಕೆಯ ಎರಡೂ ಕಡೆ ಒಂದೊಂದು ಕಾಲಂ ಬಾಕ್ಸ್ ಸಾಕು. ಅದನ್ನು ನಿಲ್ಲಿಸಿಯೇ ಇಡಬೇಕು. ನಿಂತಾಗ ಧ್ವನಿ ಎಡಬಲಕ್ಕೆ ಹರಡುತ್ತದೆ, ಆಕಾಶಕ್ಕೆ ಹೆಚ್ಚು ಹೋಗುವುದಿಲ್ಲ. ಕೆಲವರು ಬೆಂಚಿನ ಮೇಲೆ ಅಡ್ಡ ಮಲಗಿಸುತ್ತಾರೆ. ಆಗ ಮೂಲೆಯಲ್ಲಿ ಕೂತವರ ಪಾಡು ದೇವರಿಗೇ ಗೊತ್ತು!

ಸ್ಪೀಕರುಗಳ ವ್ಯಾಟ್ ಕೂಡಿಸಿ ನೋಡಿ. 30 ವ್ಯಾಟಿನ ನಾಲ್ಕು ಇದ್ದರೆ 120. ಆಂಪ್ಲಿಫೈಯರ್ ಅದಕ್ಕಿಂತ ಸ್ವಲ್ಪ ದೊಡ್ಡದೇ ಇರಲಿ. ವೈರು ಬಹಳ ಉದ್ದವಾದರೆ 100 ವೋಲ್ಟ್ ಲೈನ್ ಒಳ್ಳೆಯದು. 100 ವ್ಯಾಟನ್ನು 8 ಓಮ್‌ನಲ್ಲಿ ಕಳಿಸಿದರೆ ವೈರಿನಲ್ಲಿ ಸುಮಾರು 3.5 ಆಂಪಿಯರ್ ಹರಿಯುತ್ತದೆ, 100 ವೋಲ್ಟ್ ಲೈನಿನಲ್ಲಿ 1 ಆಂಪಿಯರ್ ಮಾತ್ರ. ವಿಜ್ಞಾನದ ಮೇಷ್ಟ್ರು ಬರೆಸಿದ 'ಐ ಸ್ಕ್ವೇರ್ ಆರ್' ಹಾಕಿ ನೋಡಿ, ವೈರಿನಲ್ಲಿ ಪೋಲಾಗುವುದು ಸುಮಾರು 12 ಪಟ್ಟು ಕಡಿಮೆ. ಆದರೆ ಆ ಲೈನ್ ಶಾಕ್ ಹೊಡೆಯುತ್ತದೆ. ಆಂಪ್ಲಿಫೈಯರ್ ಆರಿಸದೆ ವೈರು ಮುಟ್ಟಬೇಡಿ.

ಈಗ 'ಕುಂಯ್ಯೋ' ಅನ್ನುವ ಕೂಗಿನ ವಿಷಯ. ಇದು ಮೈಕ್ ಕೆಟ್ಟಿದ್ದರಿಂದ ಬರುವುದಲ್ಲ. ಸ್ಪೀಕರಿನ ಧ್ವನಿ ಮತ್ತೆ ಮೈಕಿಗೆ ಹೋಗುತ್ತದೆ, ಆಂಪ್ಲಿಫೈಯರ್ ಅದನ್ನು ಇನ್ನೂ ದೊಡ್ಡದು ಮಾಡುತ್ತದೆ, ಅದು ಪುನಃ ಮೈಕಿಗೆ. ಹೀಗೆ ಗಾಣದೆತ್ತಿನ ಹಾಗೆ ಸುತ್ತುತ್ತದೆ. ಆದ್ದರಿಂದ ಸ್ಪೀಕರ್ ಮೈಕಿಗಿಂತ ಮುಂದೆ ಇರಬೇಕು, ಮುಖ ಜನರ ಕಡೆಗಿರಬೇಕು. ಉಪಯೋಗಿಸದ ಮೈಕ್ ಬಂದ್ ಮಾಡಿ. ಮೈಕಿನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಕೂಗು ಜಾಸ್ತಿಯಾಗುತ್ತದೆ. ಮುಖ್ಯವಾಗಿ, ಮಾತಾಡುವವರು ಬಾಯಿಂದ ನಾಲ್ಕು ಬೆರಳು ದೂರದಲ್ಲಿ ಮೈಕ್ ಹಿಡಿಯಲಿ. ಒಂದು ಮೊಳ ದೂರ ನಿಂತು ಪಿಸುಗುಟ್ಟಿದರೆ ಆಪರೇಟರ್ ಧ್ವನಿ ಏರಿಸಲೇಬೇಕಾಗುತ್ತದೆ, ಏರಿಸಿದ ತಕ್ಷಣ ಕುಂಯ್! ಚಿಕ್ಕ ಮಕ್ಕಳು ಬಂದಾಗ ಒಬ್ಬರು ನಿಂತು ಸ್ಟ್ಯಾಂಡ್ ತಗ್ಗಿಸಿ ಕೊಡಬೇಕು. ಹೋದ ವರ್ಷ ಎರಡನೇ ತರಗತಿಯ ಹುಡುಗಿ ಪೂರ್ತಿ ಭಾಷಣ ಹೇಳಿದಳು, ಮೈಕ್ ಅವಳ ತಲೆಯ ಮೇಲಿತ್ತು.

ಗುಡಿಯ ಮೇಲೂ ಒಂದು ಹಾರ್ನ್ ಇಡೋಣ ಅನ್ನುವವರಿಗೆ ಒಂದು ಲೆಕ್ಕ. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಗುಡಿ 170 ಮೀಟರ್ ದೂರ ಇದ್ದರೆ ಅಲ್ಲಿಂದ ಬರುವ ಮಾತು ಅರ್ಧ ಸೆಕೆಂಡು ತಡ. ಒಂದರ ಮೇಲೊಂದು ಬಿದ್ದು ಯಾವುದೂ ತಿಳಿಯದು.

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕುವಂತಿಲ್ಲ. ಹತ್ತನೇ ತರಗತಿಯವರು ಓದುವ ಕಾಲವೂ ಹೌದು. ಆದ್ದರಿಂದ ಗುರುಗಳು ಮಕ್ಕಳ ಭಾಷಣ ಮೊದಲು, ಅತಿಥಿಗಳ ಭಾಷಣ ಆಮೇಲೆ ಇಟ್ಟರೆ ಚೆನ್ನ ಎಂದು ನನ್ನ ವಿನಂತಿ. ಕರೆಂಟ್ ನಂಬುವ ಹಾಗಿಲ್ಲ. 12 ವೋಲ್ಟ್ ಬ್ಯಾಟರಿಯಲ್ಲೂ ನಡೆಯುವ ಆಂಪ್ಲಿಫೈಯರ್ ಕೇಳಿ ತರಿಸಿ, ಬ್ಯಾಟರಿಯನ್ನು ಹಿಂದಿನ ದಿನವೇ ಚಾರ್ಜಿಗೆ ಹಾಕಿಸಿ.