ಚಿಲಕ ಬಿದ್ದರೆ ಬೀಗ ಬಿದ್ದಂತಲ್ಲ: ಪಿಸ್ತೂಲಿನ ಸ್ಲೈಡ್ ಲಾಕ್ ಹಂತ ಹಂತವಾಗಿ

ಯುಗಾದಿಗೆ ಲಕ್ಕೂರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗ ಪಕ್ಕಕ್ಕೆ ಬಂದು ಕೂತ. ಪೊಲೀಸ್ ಕಾನ್ಸ್‌ಟೇಬಲ್ ತರಬೇತಿಗೆ ಆಯ್ಕೆಯಾಗಿದ್ದ. ಹೊರಡುವ ಮೊದಲೇ ಎಲ್ಲವನ್ನೂ ತಿಳಿದುಕೊಳ್ಳುವ ತವಕ. “ಅಣ್ಣಾ, ಸ್ಲೈಡ್ ಹಿಂದಕ್ಕೆ ಹೋಗಿ ಲಾಕ್ ಆಗಿ ನಿಂತಿದ್ರೆ ಪಿಸ್ತೂಲು ಸೇಫ್ ಅಂತ ಅಲ್ವಾ?” ಎಂದ.

ಅಲ್ಲ ಎಂದೆ. ಅವನಿಗೆ ಆಶ್ಚರ್ಯವಾಯಿತು. ತಪ್ಪು ಅವನದಲ್ಲ, ಹೆಸರಿನದು. ಲಾಕ್ ಎಂದ ಕೂಡಲೇ ನಮಗೆ ಬೀಗ ನೆನಪಾಗುತ್ತದೆ. ಬೀಗ ಹಾಕಿದ ಬಾಗಿಲು ಕೀಲಿಕೈ ಇಲ್ಲದೆ ತೆರೆಯುವುದಿಲ್ಲ. ಪಿಸ್ತೂಲಿನ ಸ್ಲೈಡ್ ಲಾಕ್ ಅಂಥದ್ದಲ್ಲ, ಅದು ದನದ ಕೊಟ್ಟಿಗೆಯ ಚಿಲಕ ಇದ್ದ ಹಾಗೆ. ಹೆಬ್ಬೆರಳು ತಾಗಿದರೂ ಜಾರುತ್ತದೆ, ಜೋರಾಗಿ ಕುಲುಕಿದರೂ ಕೆಲವೊಮ್ಮೆ ಜಾರುತ್ತದೆ. ಆ ದಿನ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಪೊಲೀಸ್ ತರಬೇತಿಗೆ ಹೋಗುವವರು, ಶೂಟಿಂಗ್ ಕ್ಲಬ್ಬಿಗೆ ಹೊಸದಾಗಿ ಸೇರುವವರು ಮತ್ತು ಮನೆಯಲ್ಲಿ ಲೈಸೆನ್ಸ್ ಇರುವ ಪಿಸ್ತೂಲು ಇರುವವರು, ಈ ಮೂವರಿಗೂ ಇದು ಬೇಕು.

ಕೈಗೆತ್ತಿಕೊಳ್ಳುವ ಮೊದಲು

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವುದು ಅಪರಾಧ. 9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷಿದ್ಧ ಬೋರ್. ಅವರ ಕೈಗೆ ಸಿಗುವುದು ಹೆಚ್ಚಾಗಿ ಪಾಯಿಂಟ್ 32. ಕಲಿಯುವ ಜಾಗ ರೇಂಜ್, ಕಲಿಸುವವರು ಅನುಭವ ಇರುವ ತರಬೇತುದಾರರು. ಈ ಬರಹ ಅವರ ಮಾತು ಬೇಗ ಅರ್ಥವಾಗಲಿ ಎಂದು, ಅವರ ಬದಲಿಗೆ ಅಲ್ಲ. ಅಭ್ಯಾಸಕ್ಕೆ ಮದ್ದಿಲ್ಲದ ಡಮ್ಮಿ ತೋಟಾಗಳು ಸಾಕು. ನಿಜವಾದ ತೋಟಾಗಳು ಆ ಕೋಣೆಯಲ್ಲೇ ಇರಬಾರದು.

ಹಂತ 1: ಐದು ಭಾಗಗಳ ಗುರುತು

ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಜಾರುವ ಉಕ್ಕಿನ ಹೊದಿಕೆಯೇ ಸ್ಲೈಡ್. ಕೈಯಲ್ಲಿ ಹಿಡಿಯುವ ಕೆಳಭಾಗ ಫ್ರೇಮ್. ಸ್ಲೈಡನ್ನು ಸದಾ ಮುಂದಕ್ಕೆ ತಳ್ಳುತ್ತಿರುವುದು ಬ್ಯಾರೆಲ್ಲಿನ ಬಳಿ ಕೂತ ರಿಕಾಯಿಲ್ ಸ್ಪ್ರಿಂಗ್. ಹಿಡಿಯೊಳಗೆ ಸೇರುವ ತೋಟಾಗಳ ಡಬ್ಬಿ ಮ್ಯಾಗಜಿನ್. ಅದರೊಳಗೆ ಒಂದು ಸ್ಪ್ರಿಂಗ್ ಇದೆ, ಸ್ಪ್ರಿಂಗಿನ ತಲೆಯ ಮೇಲೆ ತೋಟಾಗಳನ್ನು ಮೇಲಕ್ಕೆ ನೂಕುವ ಪುಟ್ಟ ತಟ್ಟೆ ಇದೆ. ಅದನ್ನು ಫಾಲೋವರ್ ಎನ್ನುತ್ತಾರೆ. ಈ ತಟ್ಟೆಯನ್ನು ಚೆನ್ನಾಗಿ ನೋಡಿಕೊಳ್ಳಿ, ಮುಂದಿನ ಕಥೆಯೆಲ್ಲ ಇದರದೇ.

ಐದನೆಯದು ನಮ್ಮ ಚಿಲಕ. ಫ್ರೇಮಿನ ಎಡಬದಿಯಲ್ಲಿ, ಬಲಗೈಯಲ್ಲಿ ಹಿಡಿದರೆ ಹೆಬ್ಬೆರಳಿಗೆ ಎಟಕುವ ಜಾಗದಲ್ಲಿ ಒಂದು ಚಿಕ್ಕ ಲಿವರ್ ಇರುತ್ತದೆ. ಅದರ ನೇರಕ್ಕೆ ಸ್ಲೈಡಿನ ಕೆಳ ಅಂಚಿನಲ್ಲಿ ಒಂದು ಕಚ್ಚು ಕೊರೆದಿರುತ್ತದೆ. ಲಿವರ್ ಮೇಲೆದ್ದು ಕಚ್ಚಿನೊಳಗೆ ಕೂತರೆ ಸ್ಲೈಡ್ ನಿಂತಿತು.

ಹೆಸರಿನ ಗೊಂದಲ ಇನ್ನೂ ಒಂದಿದೆ. ಗ್ಲಾಕ್ ಪಿಸ್ತೂಲಿನ ಭಾಗಗಳ ಪಟ್ಟಿಯಲ್ಲಿ ‘ಸ್ಲೈಡ್ ಲಾಕ್’ ಎಂದರೆ ಪಿಸ್ತೂಲು ಬಿಚ್ಚುವಾಗ ಕೆಳಕ್ಕೆಳೆಯುವ ಬೇರೆಯೇ ಒಂದು ಅಡ್ಡಪಟ್ಟಿ. ಸ್ಲೈಡನ್ನು ಹಿಂದೆ ನಿಲ್ಲಿಸುವುದಕ್ಕೆ ಅವರಿಡುವ ಹೆಸರು ‘ಸ್ಲೈಡ್ ಸ್ಟಾಪ್ ಲಿವರ್’. ಸ್ಟಾಪ್ ಎಂಬುದೇ ಸರಿಯಾದ ಹೆಸರು ಎಂದು ನನ್ನ ಅಭಿಪ್ರಾಯ. ಮಾತಿನಲ್ಲಿ ಲಾಕ್ ಎಂದೇ ಬಳಕೆಯಾಗಿರುವುದರಿಂದ ನಾನೂ ಹಾಗೇ ಬರೆಯುತ್ತೇನೆ.

ಹಂತ 2: ಕೊನೆಯ ಗುಂಡು ಹಾರಿದಾಗ ಒಳಗೆ ಏನಾಗುತ್ತದೆ

ಪ್ರತಿ ಗುಂಡಿಗೂ ಸ್ಲೈಡ್ ಒಮ್ಮೆ ಹಿಂದೆ ಹೋಗಿ ಮುಂದೆ ಬರುತ್ತದೆ. ಹಿಂದೆ ಹೋಗುವಾಗ ಖಾಲಿ ತೋಟಾವನ್ನು ಎಳೆದು ಹೊರಗೆ ಎಸೆಯುತ್ತದೆ. ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಮ್ಯಾಗಜಿನ್ನಿನ ಮೇಲಿನ ತೋಟಾವನ್ನು ತಳ್ಳಿಕೊಂಡು ಹೋಗಿ, ಬ್ಯಾರೆಲ್ಲಿನ ಹಿಂತುದಿಯಲ್ಲಿ ತೋಟಾ ಕೂರುವ ಚೇಂಬರಿಗೆ ಸೇರಿಸುತ್ತದೆ. ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

ಮ್ಯಾಗಜಿನ್ನಿನಲ್ಲಿ ತೋಟಾ ಇರುವವರೆಗೆ ಫಾಲೋವರ್ ಅವುಗಳ ಕೆಳಗೆ ಅದುಮಿಕೊಂಡಿರುತ್ತದೆ. ಕೊನೆಯದೂ ಹೋದಾಗ ತಟ್ಟೆಯ ತಲೆಯ ಮೇಲೆ ಏನೂ ಇಲ್ಲ, ಪೂರ್ತಿ ಮೇಲೇಳುತ್ತದೆ. ಅದರ ಅಂಚು ಲಿವರಿನ ಒಳಮೂತಿಯನ್ನು ಕೆಳಗಿನಿಂದ ಒತ್ತುತ್ತದೆ. ಸ್ಲೈಡ್ ಹಿಂದೆ ಹೋದಾಗ ಕಚ್ಚು ಲಿವರಿನ ನೇರಕ್ಕೆ ಬರುತ್ತದೆ, ಲಿವರ್ ಅದರೊಳಗೆ ಏರುತ್ತದೆ. ಸ್ಲೈಡ್ ಬಾಯಿ ತೆರೆದು ನಿಲ್ಲುತ್ತದೆ.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಲಿವರಿಗೆ ಸುದ್ದಿ ಮುಟ್ಟಿಸಿದ್ದು ಯಾರು? ಮ್ಯಾಗಜಿನ್ನಿನ ತಟ್ಟೆ. ಅಂದರೆ ಆ ಚಿಲಕ ಹೇಳುವುದು ‘ಮ್ಯಾಗಜಿನ್ ಖಾಲಿಯಾಗಿದೆ’ ಎಂಬ ಒಂದೇ ಮಾತು. ಚೇಂಬರಿನೊಳಗೆ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ಖಾಲಿ ತೋಟಾ ಹೊರಬೀಳದೆ ಸಿಕ್ಕಿಕೊಂಡಿರಬಹುದು. ಯಾರೋ ಕೈಯಿಂದಲೇ ಲಿವರ್ ಎತ್ತಿ ಸ್ಲೈಡ್ ನಿಲ್ಲಿಸಿರಬಹುದು, ಆಗ ಮ್ಯಾಗಜಿನ್ ತುಂಬಿದ್ದರೂ ಸ್ಲೈಡ್ ಹಿಂದೆಯೇ ಇರುತ್ತದೆ. ನನ್ನ ತಮ್ಮನಿಗೆ ಹೇಳಬೇಕಾಗಿದ್ದದ್ದು ಇದೇ.

ಹಂತ 3: ಕೈಯಿಂದ ತೆರೆದು ನಿಲ್ಲಿಸುವುದು

ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ದೂರ, ಫ್ರೇಮಿಗೆ ಅಂಟಿಕೊಂಡಿರಲಿ. ಮೊದಲು ಮ್ಯಾಗಜಿನ್ ಹೊರಗೆ, ಆಮೇಲೆ ಸ್ಲೈಡ್. ಈ ಕ್ರಮವನ್ನು ತಿರುಗಿಸಬೇಡಿ. ತುಂಬಿದ ಮ್ಯಾಗಜಿನ್ ಒಳಗಿರುವಾಗ ಮೊದಲು ಸ್ಲೈಡ್ ಎಳೆದು ಬಿಟ್ಟರೆ ಚೇಂಬರಿನ ತೋಟಾ ಹೊರಬಿದ್ದು ಇನ್ನೊಂದು ಒಳಸೇರುತ್ತದೆ. ಆಮೇಲೆ ಮ್ಯಾಗಜಿನ್ ತೆಗೆದು ‘ಖಾಲಿಯಾಯಿತು’ ಎಂದುಕೊಂಡವರ ಕೈಯಲ್ಲಿ ಭರ್ತಿ ಪಿಸ್ತೂಲು ಉಳಿಯುತ್ತದೆ.

ಎಡಗೈಯ ಅಂಗೈಯನ್ನು ಸ್ಲೈಡಿನ ಹಿಂತುದಿಯ ಗೀರುಗಳ ಮೇಲಿಟ್ಟು ಗಟ್ಟಿಯಾಗಿ ಹಿಡಿಯಿರಿ. ಖಾಲಿ ತೋಟಾ ಹಾರುವ ಕಿಂಡಿಯನ್ನು ಬೆರಳು ಮುಚ್ಚಬಾರದು. ಹಿಂದಕ್ಕೆ ಎಳೆದು, ಹಾಗೇ ಹಿಡಿದು, ಬಲ ಹೆಬ್ಬೆರಳಿನಿಂದ ಲಿವರನ್ನು ಮೇಲಕ್ಕೆತ್ತಿ. ಸ್ಲೈಡನ್ನು ನಿಧಾನಕ್ಕೆ ಮುಂದೆ ಬಿಟ್ಟರೆ ಕಚ್ಚು ಲಿವರಿಗೆ ಸಿಕ್ಕಿ ನಿಲ್ಲುತ್ತದೆ. ಮ್ಯಾಗಜಿನ್ ಇಲ್ಲದಿರುವಾಗ ಲಿವರ್ ತಾನಾಗಿ ಏಳುವುದಿಲ್ಲ, ಎತ್ತುವ ಕೆಲಸ ನಿಮ್ಮದೇ. ಎಡಗೈಯವರಿಗೆ ಇದು ತುಸು ಕಷ್ಟ, ತೋರುಬೆರಳಿನಿಂದ ಎತ್ತಬೇಕಾಗುತ್ತದೆ. ಈಚಿನ ಕೆಲವು ಪಿಸ್ತೂಲುಗಳಲ್ಲಿ ಲಿವರ್ ಎರಡೂ ಬದಿಗಿರುತ್ತದೆ.

ಎಲ್ಲ ಪಿಸ್ತೂಲುಗಳಲ್ಲೂ ಈ ಲಿವರ್ ಹೊರಗೆ ಕಾಣುವುದಿಲ್ಲ. ವಾಲ್ಥರ್ ಪಿಪಿ ಮಾದರಿಯಲ್ಲಿ ತಡೆ ಒಳಗಿದೆ, ಸ್ಲೈಡನ್ನು ಇನ್ನಷ್ಟು ಹಿಂದೆಳೆದು ಬಿಟ್ಟೇ ಮುಚ್ಚಬೇಕು. ಹಳೆಯ ಬ್ರೌನಿಂಗ್ 1910ರಂಥವು ಕೊನೆಯ ಗುಂಡಿನ ಮೇಲೆ ತೆರೆದು ನಿಲ್ಲುವುದೇ ಇಲ್ಲ. ಅಜ್ಜನ ಕಾಲದ ಪಿಸ್ತೂಲು ವಾರಸಾಗಿ ಬಂದಿದ್ದರೆ ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ಸ್ಲೈಡ್ ಮುಚ್ಚಿರುವುದರಿಂದ ತೋಟಾ ಇದೆ ಎಂದಾಗಲಿ, ಇಲ್ಲವೆಂದಾಗಲಿ ಹೇಳಲು ಬರುವುದಿಲ್ಲ.

ಹಂತ 4: ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ

ನಮ್ಮ ಕಡೆ ಬೆಳೆ ಕಾಯಲು ಲೈಸೆನ್ಸ್ ಪಡೆದವರ ಮನೆಗಳಲ್ಲಿ ನಡುವೆ ಮಡಚುವ ಹನ್ನೆರಡು ಬೋರಿನ ಕೋವಿ ಇರುವುದುಂಟು. ಅದನ್ನು ಮಡಚಿ ನಳಿಗೆಗೆ ಕಣ್ಣಿಟ್ಟರೆ ಆಚೆಯ ಬೆಳಕು ಕಾಣುತ್ತದೆ. ಬೆಳಕು ಕಂಡರೆ ಕೋವಿ ಖಾಲಿ, ಅನುಮಾನಕ್ಕೆ ಜಾಗವಿಲ್ಲ. ಪಿಸ್ತೂಲಿನಲ್ಲಿ ಚೇಂಬರ್ ಸ್ಲೈಡಿನ ಅಡಿ ಅಡಗಿರುತ್ತದೆ. ಸ್ಲೈಡ್ ಲಾಕ್ ನಮಗೆ ಮಾಡುವ ದೊಡ್ಡ ಉಪಕಾರವೆಂದರೆ ಅದನ್ನು ತೆರೆದು ತೋರಿಸುವುದು. ತೆರೆದ ಬಾಗಿಲಿನಿಂದ ಒಳಗೆ ನೋಡಬೇಕಾದವರು ನಾವು.

ಕಿಂಡಿಯಿಂದ ಚೇಂಬರ್ ನೋಡಿ. ಮ್ಯಾಗಜಿನ್ ಕೂರುವ ಟೊಳ್ಳನ್ನೂ ನೋಡಿ. ಆಮೇಲೆ ಕಿರುಬೆರಳಿನ ತುದಿಯಿಂದ ಚೇಂಬರಿನ ಬಾಯಿ ಮುಟ್ಟಿ, ಮಬ್ಬು ಬೆಳಕಿನಲ್ಲಿ ಕಣ್ಣು ಮೋಸ ಹೋಗುತ್ತದೆ. ಬೆರಳು ಒಳಗಿರುವಷ್ಟು ಹೊತ್ತೂ ಇನ್ನೊಂದು ಕೈ ಲಿವರಿಗೆ ತಾಗದಿರಲಿ. ಚಿಲಕ ಜಾರಿದರೆ ಸ್ಪ್ರಿಂಗಿನ ಅಷ್ಟೂ ಬಲ ಆ ಬೆರಳಿನ ಮೇಲೆ ಬೀಳುತ್ತದೆ.

ಸ್ಪರ್ಧೆಯ ರೇಂಜುಗಳಲ್ಲಿ ಇಷ್ಟಕ್ಕೂ ತೃಪ್ತಿಪಡುವುದಿಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ ಚೇಂಬರಿನೊಳಗೆ ಹೊಳೆಯುವ ಬಣ್ಣದ ಸುರಕ್ಷಾ ಪಟ್ಟಿ ತೂರಿಸಬೇಕು. ಅದು ಕಂಡರೆ ದೂರದಿಂದಲೂ ಖಾತ್ರಿ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಪಂದ್ಯದಲ್ಲಿ ಐದು ಗುರಿಗಳಿಗೆ ಐದು ಗುಂಡು, ಅರ್ಹತಾ ಸುತ್ತಿನಲ್ಲಿ ಸಮಯ 8, 6, ಕೊನೆಗೆ 4 ಸೆಕೆಂಡು. ಅಷ್ಟು ವೇಗದ ಆಟದಲ್ಲೂ ಸರಣಿ ಮುಗಿದ ಮೇಲೆ ಖಾಲಿ ಮಾಡಿ ತೋರಿಸುವ ಕೆಲಸಕ್ಕೆ ಯಾರೂ ಅವಸರ ಮಾಡುವುದಿಲ್ಲ.

ಹಂತ 5: ಮುಚ್ಚುವುದು

ಎರಡು ದಾರಿ. ಒಂದು, ಲಿವರನ್ನು ಹೆಬ್ಬೆರಳಿನಿಂದ ಕೆಳಕ್ಕೆ ಒತ್ತುವುದು. ಇನ್ನೊಂದು, ಸ್ಲೈಡನ್ನು ಕೂದಲೆಳೆಯಷ್ಟು ಹಿಂದೆಳೆದು ಬಿಡುವುದು. ಹಾಗೆ ಎಳೆದಾಗ ಕಚ್ಚಿನ ಹಿಡಿತ ಸಡಿಲಿ ಲಿವರ್ ತಾನೇ ಕೆಳಗಿಳಿಯುತ್ತದೆ. ಹೊಸಬರಿಗೆ ಎರಡನೆಯದೇ ಒಳ್ಳೆಯದೆಂದು ನಾನು ಹೇಳುತ್ತೇನೆ. ಇಡೀ ಕೈಯ ಕೆಲಸವಾದ್ದರಿಂದ ಗಾಬರಿಯಲ್ಲೂ ತಪ್ಪುವುದಿಲ್ಲ, ಲಿವರಿನ ಅಂಚೂ ಬೇಗ ಸವೆಯುವುದಿಲ್ಲ. ಒಳಗೆ ಖಾಲಿ ಮ್ಯಾಗಜಿನ್ ಇದ್ದರೆ ಹೀಗೆ ಮುಚ್ಚಲು ಬರುವುದಿಲ್ಲ, ಫಾಲೋವರ್ ಲಿವರನ್ನು ಮತ್ತೆ ಎತ್ತುತ್ತಲೇ ಇರುತ್ತದೆ. ಮ್ಯಾಗಜಿನ್ ತೆಗೆಯಿರಿ. ಚೇಂಬರ್ ಖಾಲಿಯಿದ್ದಾಗ ಸ್ಲೈಡನ್ನು ಧಡ್ ಎಂದು ಬಿಡದೆ ಕೈಯಲ್ಲಿ ಹಿಡಿದು ಮುಂದೆ ತನ್ನಿ.

ನಾನು ಕಲಿಯುತ್ತಿದ್ದಾಗ ಪಕ್ಕದ ಸಾಲಿನವರೊಬ್ಬರು ತುಂಬಿದ ಮ್ಯಾಗಜಿನ್ನನ್ನು ಅಂಗೈಯಿಂದ ಜೋರಾಗಿ ಗುದ್ದಿ ಒಳಸೇರಿಸಿದರು. ಆ ಏಟಿಗೆ ಚಿಲಕ ಜಾರಿತು, ಸ್ಲೈಡ್ ಮುಚ್ಚಿತು, ತೋಟಾ ಚೇಂಬರಿಗೆ ಹೋಯಿತು. ಸ್ಲೈಡ್ ಇನ್ನೂ ತೆರೆದೇ ಇದೆ ಎಂಬ ಭಾವದಲ್ಲಿ ಅವರು ಏನೋ ಕೇಳಲು ನಮ್ಮತ್ತ ತಿರುಗತೊಡಗಿದರು. ತರಬೇತುದಾರರು ಮಣಿಕಟ್ಟು ಹಿಡಿದು ನಳಿಗೆಯನ್ನು ಗುರಿಯತ್ತಲೇ ನಿಲ್ಲಿಸಿದರು. ಏನೂ ಆಗಲಿಲ್ಲ. ಆ ಸದ್ದು ಮಾತ್ರ ನನ್ನ ಕಿವಿಯಲ್ಲಿ ಇಂದಿಗೂ ಇದೆ.

ಹಂತ 6: ಅದೇ ಕಡಾಣಿಯೂ ಹೌದು

ಎತ್ತಿನಗಾಡಿ ಕಂಡವರಿಗೆ ಈ ಹಂತ ಸುಲಭ. ಗಾಲಿ ಅಚ್ಚಿನಿಂದ ಕಳಚದಂತೆ ಕಾಯುವುದು ಒಂದು ಕಡಾಣಿ. ಅದನ್ನು ಕಿತ್ತರೆ ಗಾಲಿ ಕೈಗೆ ಬರುತ್ತದೆ. ಜಾನ್ ಬ್ರೌನಿಂಗ್ ರೂಪಿಸಿದ, ಅಮೆರಿಕದ ಸೈನ್ಯ 1911ರಲ್ಲಿ ಒಪ್ಪಿಕೊಂಡ ಪಿಸ್ತೂಲಿನಲ್ಲಿ ಈ ಲಿವರಿಗೆ ಒಂದು ಉದ್ದನೆಯ ಕೀಲು ಸೇರಿದೆ. ಕೀಲು ಫ್ರೇಮಿನ ಆಚೆ ಬದಿಯವರೆಗೂ ತೂರುತ್ತದೆ, ಬ್ಯಾರೆಲ್ಲಿನ ಕೊಂಡಿ ಅದಕ್ಕೇ ಸಿಕ್ಕಿಕೊಂಡಿರುತ್ತದೆ. ಬ್ರೌನಿಂಗ್ 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಮ್ಮಿನ ದ್ಯುದೊನೆ ಸೈವ್ ಪೂರ್ತಿಗೊಳಿಸಿದ, 1935ರ ಹೈ ಪವರ್ ಪಿಸ್ತೂಲಿನಲ್ಲೂ ಬಿಚ್ಚುವುದು ಈ ಕೀಲಿನಿಂದಲೇ. ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ ಅದೇ ಮಾದರಿಯ 9 ಮಿ.ಮೀ. ಪಿಸ್ತೂಲು ತಯಾರಾಗುತ್ತದೆ, ಮ್ಯಾಗಜಿನ್ನಿನಲ್ಲಿ 13 ತೋಟಾ. ನಮ್ಮ ಸೈನಿಕರ, ಪೊಲೀಸರ ಸೊಂಟದಲ್ಲಿ ಕಾಣುವ ಪಿಸ್ತೂಲುಗಳಲ್ಲಿ ಅದೂ ಒಂದು.

ಅದನ್ನು ಬಿಚ್ಚುವುದು ಹೀಗೆ: ಖಾಲಿಯೆಂದು ಖಾತ್ರಿ ಮಾಡಿಕೊಂಡು, ಸ್ಲೈಡನ್ನು ಹಿಂದೆಳೆದು, ಈ ಬಾರಿ ಹಿಂಬದಿಯ ಸೇಫ್ಟಿ ಲಿವರನ್ನು ಸ್ಲೈಡಿನ ಮುಂದಿನ ಕಚ್ಚಿಗೆ ಸಿಕ್ಕಿಸಿ ನಿಲ್ಲಿಸುತ್ತಾರೆ. ಬಲಬದಿಯಿಂದ ಕೀಲಿನ ತುದಿಯನ್ನು ಒತ್ತಿ, ಎಡಬದಿಯಿಂದ ಸ್ಲೈಡ್ ಸ್ಟಾಪ್ ಹೊರಗೆಳೆಯುತ್ತಾರೆ. ಆಮೇಲೆ ಸೇಫ್ಟಿ ಬಿಡಿಸಿ ಸ್ಲೈಡನ್ನು ಮುಂದಕ್ಕೆ ಜಾರಿಸಿ ತೆಗೆಯುತ್ತಾರೆ. ಮೊದಲ ಸಲ ಆರ್ಮರರ್, ಅಂದರೆ ಆಯುಧ ದುರಸ್ತಿಯ ತಜ್ಞರು, ಎದುರಿಗಿಲ್ಲದೆ ಮಾಡಬೇಡಿ.

ಚಿಲಕ ಸರಿಯಾಗಿ ಬೀಳದಿದ್ದರೆ

ಕೊನೆಯ ಗುಂಡಿನ ನಂತರವೂ ಸ್ಲೈಡ್ ಮುಚ್ಚಿಕೊಂಡರೆ ಮೊದಲು ನಿಮ್ಮ ಹೆಬ್ಬೆರಳನ್ನು ನೋಡಿ. ಗಟ್ಟಿಯಾಗಿ ಹಿಡಿಯುವ ಭರದಲ್ಲಿ ಅದು ಲಿವರಿನ ಮೇಲೆಯೇ ಕೂತಿರುತ್ತದೆ, ಏಳಲು ಬಿಡುವುದಿಲ್ಲ. ಹೊಸಬರಲ್ಲಿ ಇದೇ ಹೆಚ್ಚು. ಹೆಬ್ಬೆರಳು ಸರಿಯಿದ್ದರೆ ಮ್ಯಾಗಜಿನ್ ಬದಲಿಸಿ ನೋಡಿ, ಸ್ಪ್ರಿಂಗ್ ಸೋತಿದ್ದರೆ ಫಾಲೋವರಿಗೆ ಲಿವರ್ ಎತ್ತುವ ಶಕ್ತಿ ಇರುವುದಿಲ್ಲ. ಎಲ್ಲ ಮ್ಯಾಗಜಿನ್ನಿನಲ್ಲೂ ಹಾಗೇ ಆದರೆ ಕೊಳೆ, ಸವೆದ ಕಚ್ಚು, ಇಲ್ಲವೇ ಸ್ಲೈಡನ್ನು ಪೂರ್ತಿ ಹಿಂದೆ ತಳ್ಳಲಾರದ ದುರ್ಬಲ ತೋಟಾ. ತೋಟಾ ಇನ್ನೂ ಇರುವಾಗಲೇ ಸ್ಲೈಡ್ ನಿಂತರೆ ಹೆಬ್ಬೆರಳು ಕೆಳಗಿನಿಂದ ಲಿವರನ್ನು ತಟ್ಟುತ್ತಿರಬಹುದು.

ಅರ ಹಿಡಿದು ಕಚ್ಚು ಉಜ್ಜುವ, ಲಿವರ್ ಬಗ್ಗಿಸುವ ಕೆಲಸಕ್ಕೆ ಕೈ ಹಾಕಬೇಡಿ. ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮೇಲೆ ಕೆಲಸ ಮಾಡಿ ಪಳಗಿದ ಹುಡುಗರಿಗೂ ಇದೇ ಮಾತು. ಯಾವ ಮ್ಯಾಗಜಿನ್ನಿನಲ್ಲಿ, ಎಷ್ಟನೆಯ ಗುಂಡಿನಲ್ಲಿ, ಯಾವ ತೋಟಾದಲ್ಲಿ ಹಾಗಾಯಿತು ಎಂದು ಒಂದು ಚೀಟಿಯಲ್ಲಿ ಬರೆದು, ಪಿಸ್ತೂಲಿನ ಜೊತೆ ಆ ಮ್ಯಾಗಜಿನ್ನನ್ನೂ ಆರ್ಮರರ್ ಕೈಗೆ ಕೊಡಿ.