ವಾಯುಚಾಲಿತ ಉಪಕರಣಗಳ ನಿತ್ಯಪೂಜೆ

ಮಹಾನವಮಿಯಂದು ಕಾರ್ಖಾನೆಯ ಉಪಕರಣಗಳು ಅರಿಶಿನ, ಕುಂಕುಮ, ಸೇವಂತಿಗೆಗಳಿಂದ ಅಲಂಕೃತವಾಗಿ ಪೂಜೆಗೊಳ್ಳುತ್ತವೆ. ಅನ್ನ ನೀಡುವ ಸಾಧನಕ್ಕೆ ಕೃತಜ್ಞತೆಯನ್ನು ಸಲ್ಲಿಸುವುದೇ ಆಯುಧಪೂಜೆಯ ತಾತ್ಪರ್ಯ. ಆದರೆ ವರ್ಷಕ್ಕೊಮ್ಮೆ ಆರತಿ ಬೆಳಗಿ, ಉಳಿದ ದಿನಗಳಲ್ಲಿ ಅದೇ ಸಾಧನವನ್ನು ಅಲಕ್ಷಿಸಿದರೆ ಪೂಜೆ ಪೂರ್ಣವಾದೀತೆ? ಒತ್ತಿದ ಗಾಳಿಯ ಬಲದಿಂದ ನಡೆಯುವ ಉಪಕರಣಗಳ ವಿಷಯದಲ್ಲಿ ಈ ಪ್ರಶ್ನೆ ವಿಶೇಷವಾಗಿ ವಿಚಾರಾರ್ಹ.

ಗ್ಯಾರೇಜಿನಲ್ಲಿ ಚಕ್ರದ ನಟ್ಟು ಬಿಚ್ಚುವ ಇಂಪ್ಯಾಕ್ಟ್ ರೆಂಚ್, ಉಕ್ಕನ್ನು ಉಜ್ಜುವ ಗ್ರೈಂಡರ್, ರಂಧ್ರ ಕೊರೆಯುವ ಡ್ರಿಲ್ ಇವುಗಳಲ್ಲಿ ಹೆಚ್ಚಿನವುಗಳ ಒಳರಚನೆ ಒಂದೇ ಬಗೆಯದು. ಸಿಲಿಂಡರಿನೊಳಗೆ ಒಂದು ರೋಟರ್. ಅದರ ಸೀಳುಗಳಲ್ಲಿ ಹೊರಕ್ಕೂ ಒಳಕ್ಕೂ ಜಾರುವ ತೆಳುವಾದ ಪಟ್ಟಿಗಳು. ಈ ಪಟ್ಟಿಗಳನ್ನು ಗಾಳಿ ತಳ್ಳಿದಾಗ ರೋಟರ್ ತಿರುಗುತ್ತದೆ. ಅವು ಸರಾಗವಾಗಿ ಜಾರಬೇಕಾದರೆ ಎಣ್ಣೆಯ ತೆಳುಪದರ ಅಗತ್ಯ.

ಈ ಪದರಕ್ಕೆ ಪರಮ ವೈರಿ ನೀರು. ಒತ್ತಿದ ಗಾಳಿ ಬಿಸಿಯಾಗಿ, ಅನಂತರ ತಣಿಯುವಾಗ ಅದರಲ್ಲಿನ ಆವಿ ಹನಿಗಟ್ಟಿ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ಸಂಗ್ರಹವಾಗುತ್ತದೆ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಗಾಳಿಯ ತೇವ ಅಧಿಕವಾದುದರಿಂದ ಈ ನೀರೂ ಅಧಿಕ. ಅದು ಕೊಳವೆಯ ಮೂಲಕ ಉಪಕರಣವನ್ನು ಸೇರಿದರೆ ಎಣ್ಣೆ ತೊಳೆದುಹೋಗಿ ತುಕ್ಕು ಹಿಡಿಯುತ್ತದೆ.

ಆದಕಾರಣ ಪಾಲಿಸತಕ್ಕ ನಿಯಮಗಳಿವು. ಪ್ರತಿದಿನವೂ ಟ್ಯಾಂಕಿನ ತಳದ ವಾಲ್ವ್ ತೆರೆದು ನೀರನ್ನು ಹೊರಬಿಡಬೇಕು. ಗಾಳಿಯು ಮೊದಲು ಫಿಲ್ಟರ್, ಬಳಿಕ ರೆಗ್ಯುಲೇಟರ್, ಕೊನೆಗೆ ಲೂಬ್ರಿಕೇಟರ್ ಈ ಕ್ರಮದಲ್ಲಿ ಹಾಯ್ದು ಬರಬೇಕು. ಲೂಬ್ರಿಕೇಟರ್ ಇಲ್ಲದೆಡೆ, ಕೆಲಸಕ್ಕೆ ಮುನ್ನ ಗಾಳಿ ಪ್ರವೇಶಿಸುವ ರಂಧ್ರಕ್ಕೆ ನಾಲ್ಕೈದು ಹನಿ ಎಣ್ಣೆ ಹಾಕಿ, ಉಪಕರಣವನ್ನು ಕೆಲವು ಕ್ಷಣ ನಡೆಸಬೇಕು. ಕೆಲಸ ಮುಗಿದ ಮೇಲೂ ಹಾಗೆಯೇ. ಗಾಳಿ ಹೊರಬೀಳುವ ಕಡೆ ಮುಖವನ್ನು ಒಡ್ಡಬಾರದು. ಇದಕ್ಕೆಂದೇ ದೊರೆಯುವ ತೆಳು ಎಣ್ಣೆಯನ್ನು ಬಳಸತಕ್ಕದ್ದು. ಮಂದವಾದ ಇಂಜಿನ್ ಎಣ್ಣೆ ಪಟ್ಟಿಗಳನ್ನು ಅಂಟಿಸಿಬಿಡುತ್ತದೆ. ಬಣ್ಣ ಸಿಂಪಡಿಸುವ ಸ್ಪ್ರೇ ಗನ್ನಿಗೆ ಮಾತ್ರ ಎಣ್ಣೆ ಬೆರೆತ ಗಾಳಿ ಸಲ್ಲದು, ಬಣ್ಣ ಕೆಡುತ್ತದೆ.

ಈ ನಾಲ್ಕು ಹನಿಗಳ ಅಲಕ್ಷ್ಯ ಎಲ್ಲಿಗೆ ಮುಟ್ಟಬಹುದೆಂಬುದನ್ನು ನೋಡಬೇಕು. ಉಪಕರಣ ನಿಧಾನವಾದಾಗ ಕೆಲಸಗಾರನು ಒತ್ತಡವನ್ನು ಏರಿಸಲೆಳಸುತ್ತಾನೆ. ಇಂತಹ ಅನೇಕ ಉಪಕರಣಗಳಿಗೆ ಚದರ ಅಂಗುಲಕ್ಕೆ 90 ಪೌಂಡು ಒತ್ತಡ ವಿಹಿತ. ಗ್ರೈಂಡರಿನ ವೇಗವನ್ನು ಹತೋಟಿಯಲ್ಲಿಡುವ ಗವರ್ನರ್ ತುಕ್ಕಿನಿಂದ ಸಿಲುಕಿಕೊಂಡಿದ್ದು, ಒತ್ತಡವೂ ಮಿತಿ ಮೀರಿದರೆ, ಉಜ್ಜುವ ಚಕ್ರ ತನ್ನ ವೇಗಮಿತಿಯನ್ನು ದಾಟಿ ಸಿಡಿಯಬಹುದು. ಆಗ ನಷ್ಟವಾಗುವುದು ಯಂತ್ರವಷ್ಟೇ ಅಲ್ಲ; ದುಡಿಯುವವನ ಕಣ್ಣು, ಕೈ, ಒಮ್ಮೊಮ್ಮೆ ಪ್ರಾಣ. ಆದ್ದರಿಂದ ಕನ್ನಡಕ, ಚಕ್ರದ ಕವಚಗಳನ್ನು ಎಂದೂ ಬಿಡಬಾರದು. ಚಕ್ರ ಬದಲಿಸುವ ಮುನ್ನ ಗಾಳಿಯನ್ನು ನಿಲ್ಲಿಸಿ, ಕೊಳವೆಯಲ್ಲಿ ಉಳಿದುದನ್ನೂ ಹೊರಬಿಟ್ಟು, ಕೊಳವೆಯನ್ನು ಕಳಚಬೇಕು.

ಪೂಜೆಯ ದಿನವೂ ಒಂದು ಎಚ್ಚರ ಅವಶ್ಯ. ಕುಂಕುಮದ ಪುಡಿ, ಅಕ್ಷತೆ, ಹೂವಿನ ಎಸಳು ಗಾಳಿಯ ರಂಧ್ರದೊಳಗೆ ಬೀಳದಂತೆ ಅದನ್ನು ಮೊದಲೇ ಮುಚ್ಚಿಡಬೇಕು. ವಿಜಯದಶಮಿಯಂದು ಉಪಕರಣವನ್ನು ಒರೆಸಿ, ಎಣ್ಣೆ ಹನಿಸಿ, ಬಳಿಕವೇ ಕೆಲಸಕ್ಕೆ ತೊಡಗಬೇಕು. ಅಂದು ಹನಿಸಿದ ಎಣ್ಣೆ ಮರುದಿನವೂ, ಅದರ ಮರುದಿನವೂ ತಪ್ಪದಿದ್ದರೆ ನವಮಿಯ ಪೂಜೆ ವರ್ಷವಿಡೀ ನಡೆದಂತಾಗುತ್ತದೆ.