ಸಾಧು ಮಗುವಿಗೆ ಮಾತಿನ ಆಸರೆ

ಮೃದು ಸ್ವಭಾವದ ಮಗುವನ್ನು ಅಪರಿಚಿತರ ನಿಂದೆಗಿಂತಲೂ ಗೆಳೆಯನ ಚುಚ್ಚುಮಾತು ಹೆಚ್ಚಾಗಿ ನೋಯಿಸುತ್ತದೆ. ಮುಂಬಯಿಯ ಶಾಲೆಯಲ್ಲಿ ‘ನಿನ್ನ ಹಿಂದಿ ಕೇಳಿದರೆ ನಗು ಬರುತ್ತದೆ’ ಎಂದು ಗೆಳೆಯನು ಅಂದಾಗ, ಎದುರಾಡಿದರೆ ಸ್ನೇಹ ಮುರಿದೀತೆಂಬ ಭಯದಿಂದ ಅದು ಮೌನ ತಾಳುತ್ತದೆ. ಆಗ ‘ನೀನೂ ತಿರುಗಿಸಿ ಅನ್ನು’ ಎನ್ನುವುದು ಅದರ ಸ್ವಭಾವಕ್ಕೆ ಒಗ್ಗದು, ‘ಇಷ್ಟಕ್ಕೆಲ್ಲ ಅಳುವುದೇ?’ ಎಂದರೆ ಮನೆಯಲ್ಲಿಯೂ ಅದರ ಬಾಯಿ ಕಟ್ಟುತ್ತದೆ.

ಆದುದರಿಂದ ಮೊದಲು ಪೂರ್ತಿಯಾಗಿ ಕೇಳಿರಿ. ಯಾರು, ಏನೆಂದರು, ಎಷ್ಟು ಸಲ ಎಂಬುದನ್ನು ತಿಳಿಯಿರಿ. 1970ರ ದಶಕದಿಂದ ಶಾಲಾಮಕ್ಕಳನ್ನು ಕುರಿತು ಅಧ್ಯಯನ ನಡೆಸಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್, ಪೀಡನೆಗೆ ಮೂರು ಲಕ್ಷಣಗಳನ್ನು ಹೇಳಿದರು: ನೋಯಿಸುವ ಉದ್ದೇಶ, ಪುನರಾವರ್ತನೆ, ಬಲದ ಅಸಮಾನತೆ. ಒಮ್ಮೆ ಬಾಯಿತಪ್ಪಿ ಬಂದ ಮಾತು ಬೇರೆ. ದಿನವೂ ನಾಲ್ವರೆದುರು ಹಂಗಿಸುವುದು ಬೇರೆ.

ಅನಂತರ ಒಂದು ಚಿಕ್ಕ ವಾಕ್ಯವನ್ನು ಕಲಿಸಿರಿ: ‘ಹಾಗೆ ಅನ್ನಬೇಡ, ನನಗೆ ಬೇಸರವಾಗುತ್ತದೆ.’ ಇದನ್ನು ತಲೆಯೆತ್ತಿ, ಶಾಂತ ದನಿಯಲ್ಲಿ ಹೇಳಿ ಅಲ್ಲಿಂದ ಸರಿದುಹೋಗಲಿ. ತಂದೆಯಾದವನು ಗೆಳೆಯನ ಪಾತ್ರ ವಹಿಸಿ ನಾಲ್ಕಾರು ಸಲ ಅಭ್ಯಾಸ ಮಾಡಿಸಬೇಕು. ಆ ಅಭ್ಯಾಸ ಮನೆಮಾತಿನಲ್ಲಿ ಸಾಲದು. ಆಟದ ಬಯಲಿನ ಹಿಂದಿಯಲ್ಲೋ ಮರಾಠಿಯಲ್ಲೋ ನಡೆಯಬೇಕು. ಪದಗಳು ಅಲ್ಲಿ ಒದಗಬೇಕಷ್ಟೆ!

ಹೇಳಿದ ಮೇಲೂ ನಿಲ್ಲದಿದ್ದರೆ, ಮಗು ಊಟ-ನಿದ್ರೆ ಬಿಟ್ಟರೆ, ಶಾಲೆಗೆ ಹೊರಡಲು ಹಿಂಜರಿದರೆ ತಡಮಾಡದೆ ತರಗತಿಯ ಶಿಕ್ಷಕರನ್ನು ಕಾಣಿರಿ. ಗುರುಗಳಿಗೆ ತಿಳಿಸುವುದು ಚಾಡಿಯಲ್ಲವೆಂದು ಮಗುವಿಗೂ ಮನವರಿಕೆ ಮಾಡಿರಿ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಎಂಬುದು ನೆನಪಿರಲಿ.

ಮಗುವಿನ ಮೃದುತ್ವವನ್ನು ಕೆಡಿಸದೆ ಅದಕ್ಕೆ ಮಾತು ಕಲಿಸುವುದು ತಂದೆತಾಯಿಗಳ ಕರ್ತವ್ಯ.